ದೇಣಿಗೆ ಕೇಳುವವರ ಹೆಗಲ ಮೇಲೆ

ನಾನು ಒಂದು ಹೆಗಲಚೀಲ. ಹುಬ್ಬಳ್ಳಿಯಲ್ಲಿ ಲಾರಿಗಳಿಗೆ ತಾಡಪತ್ರಿ ಹೊಲಿಯುವ ಅಂಗಡಿಯಲ್ಲಿ, ಉಳಿದ ತುಂಡಿನಿಂದ ಹುಟ್ಟಿದೆ. ದಪ್ಪ ಸೂಜಿ ಮೈಯನ್ನು ಚುಚ್ಚಿ ಚುಚ್ಚಿ ನನಗೊಂದು ಆಕಾರ ಕೊಟ್ಟಿತು. ನೋಡಲು ಚೆಂದವಿರಲಿಲ್ಲ. ಮಳೆಯಲ್ಲಿ ನೆನೆಯುತ್ತಿರಲಿಲ್ಲ, ಅಷ್ಟೇ.

ಅಷ್ಟು ಸಾಕೆಂದು ನನ್ನನ್ನು ಕೊಂಡವರು ದಾಕ್ಷಾಯಣಿ ಅಕ್ಕ. ಆಸ್ಪತ್ರೆಯವರು ಇನ್ನು ನಮ್ಮಿಂದಾಗದು ಎಂದು ಕಳಿಸಿದ ಕ್ಯಾನ್ಸರ್ ರೋಗಿಗಳಿಗಾಗಿ ಊರಾಚೆ ಒಂದು ಆರೈಕೆ ಮನೆಯಿತ್ತು. ಅಲ್ಲಿನ ಗಂಜಿ, ಹಾಸಿಗೆ, ನೋವಿನ ಔಷಧ ಎಲ್ಲವೂ ಅಕ್ಕ ಕೇಳಿ ತಂದ ದೇಣಿಗೆಯಿಂದಲೇ ನಡೆಯುತ್ತಿದ್ದವು.

ಒಂದು ಬೇಸಿಗೆಯಲ್ಲಿ ರೇಷ್ಮಾ ನದಾಫ ಎಂಬ ಹುಡುಗಿ ಕೆಲಸಕ್ಕೆ ಸೇರಿದಳು. ಆಗಷ್ಟೇ ಕಾಲೇಜು ಮುಗಿಸಿದ್ದಳು. ಅಪರಿಚಿತರ ಮುಂದೆ ದನಿ ನಡುಗುತ್ತಿತ್ತು. ಅಕ್ಕ ಅವಳನ್ನು ಎಲ್ಲ ಕಡೆಗೂ ಜೊತೆಗೆ ಕರೆದೊಯ್ದರು.

ಎಣ್ಣೆ ಮಿಲ್ಲಿನ ಯಜಮಾನರು ಬಾಗಿಲಲ್ಲೇ ಸಿಡುಕಿದರು. “ದಿನಾ ಒಬ್ರು ಬರ್ತೀರಿ. ನಾವೇನು ಛತ್ರ ಇಟ್ಟೀವೇನು?”

ರೇಷ್ಮಾಳ ಕಣ್ಣು ತುಂಬಿತು. ಅಕ್ಕ ಅವಳನ್ನು ಹೊರಗೆ ಕರೆತಂದು ಚಹಾ ಕೊಡಿಸಿದರು.

“ಅವರು ಬೈದಿದ್ದು ನಿನಗಲ್ಲ. ಮಷೀನ್ ನಿಂತಾವ, ಆ ಸಿಟ್ಟು. ಮುಂದಿನ ವಾರ ಬರೂಣು. ಏನೂ ಕೇಳೂದು ಬ್ಯಾಡ, ಸುಮ್ನ ಮಾತಾಡಿಸಿ ಹೋಗೂಣು.”

ಹಾಗೇ ಹೋದರು. ಈ ಸಲ ಯಜಮಾನರು ಕುರ್ಚಿ ಹಾಕಿಸಿ, ರೋಗಿಗಳು ಹೇಗಿದ್ದಾರೆಂದು ತಾವಾಗಿಯೇ ವಿಚಾರಿಸಿದರು. ರೇಷ್ಮಾಳ ದನಿ ಮೆಲ್ಲಗೆ ಗಟ್ಟಿಯಾಗುತ್ತಿತ್ತು.

ಮಳೆಗಾಲ ಮುಗಿಯುವ ಮೊದಲೇ, ಬಸ್ಸಿನಲ್ಲಿ ಮಾತಾಡುತ್ತಿದ್ದ ಅಕ್ಕ ಸಟ್ಟನೆ ಅವಳ ಹೆಗಲಿಗೆ ಒರಗಿದರು. ಪಾರ್ಶ್ವವಾಯು. ಮತ್ತೆ ಕಣ್ಣು ತೆರೆಯಲಿಲ್ಲ.

ಆರೈಕೆ ಮನೆಯ ಕಾರ್ಯದರ್ಶಿ ಶ್ರೀಪಾದರಾಯರು ನನ್ನನ್ನು ರೇಷ್ಮಾಳ ಕೈಗಿತ್ತರು.

“ಸರ್, ಇನ್ನೂ ಸ್ವಲ್ಪ ದಿನ ಯಾರಾದ್ರೂ ಹಿರಿಯರು ನನ್ನ ಜೋಡಿ ಬಂದ್ರ…”

“ಕೇಳ್ಲಿಕ್ಕೆ ಏನು ಕಲೀಲಿಕ್ಕದ? ಬಾಯಿ ಅದ ಅಲ್ಲ?” ಎಂದರು ರಾಯರು.

ಒಬ್ಬಳೇ ಅಲೆದಳು. ಯಾರಾದರೂ ಇಲ್ಲವೆಂದಾಗ ತಪ್ಪು ತನ್ನದೋ ಅವರದೋ ಎಂದು ಹೇಳುವವರಿರಲಿಲ್ಲ. ಔಷಧದ ಕಪಾಟು ಬರಿದಾಗುತ್ತ ಬಂತು. ನರಳುವ ದನಿ ಗೇಟಿನವರೆಗೂ ಕೇಳತೊಡಗಿತು.

ವಾರ್ಡಿನಲ್ಲಿ ಫಕೀರವ್ವ ಎಂಬ ಮುದುಕಿಯಿದ್ದಳು. ಕ್ಯಾನ್ಸರ್ ಅವಳ ಒಂದು ಕಡೆಯ ದವಡೆಯನ್ನು ತಿಂದುಹಾಕಿತ್ತು. ಸದಾ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ನಿದ್ದೆಯಲ್ಲಿ ಸೆರಗು ಜಾರಿತು. ರೇಷ್ಮಾ ಮೊಬೈಲಿನಲ್ಲಿ ಫೋಟೊ ತೆಗೆದಳು. “ಛಲೋ ಬಂದದ, ಪೋಸ್ಟರ್ ಮಾಡಸು,” ಎಂದರು ರಾಯರು. ಆ ಪೋಸ್ಟರುಗಳನ್ನು ಪೇಟೆಗೆ ಹೊತ್ತವನು ನಾನೇ.

ದೇಣಿಗೆ ಹರಿದುಬಂತು. ಕಪಾಟು ತುಂಬಿತು.

ಮಗಳ ಮನೆಯಲ್ಲಿರುತ್ತೇನೆಂದು ಊರಲ್ಲಿ ಹೇಳಿ ಬಂದಿದ್ದಳು ಫಕೀರವ್ವ. ಸಂತೆಗೆ ಬಂದ ಅವಳ ಒಡಹುಟ್ಟಿದ ಅಕ್ಕನ ಮಗ ಗೋಡೆಯ ಮೇಲೆ ಆ ಮುಖ ಕಂಡು, ನೇರ ವಾರ್ಡಿಗೆ ಬಂದು ಎಲ್ಲರೆದುರು ಕೂಗಾಡಿದ. ಅವನು ಹೋದ ಮೇಲೆ ಫಕೀರವ್ವ ರೇಷ್ಮಾಳನ್ನು ಕರೆದಳು.

“ನನ್ನ ಮಾರಿ ನನಗಽ ನೋಡಾಕ ಆಗೂದಿಲ್ಲ. ಊರಿಗೆಲ್ಲ ತೋರಿಸಿದೆಲ್ಲವಾ?”

“ಔಷಧ ಖಾಲಿ ಆಗಿತ್ತ ಅಜ್ಜಿ…”

“ಆ ಔಷಧ ನನಗ ಬ್ಯಾಡ.”

ಗೋಡೆಯ ಕಡೆ ಹೊರಳಿ ಸೆರಗೆಳೆದುಕೊಂಡಳು. ನರ್ಸ್ ಬೇಡಿಕೊಂಡರೂ ಬಾಯಿ ತೆರೆಯಲಿಲ್ಲ. ಸಾಯುವವರೆಗೂ ನೋವನ್ನು ಹಾಗೆಯೇ ಸಹಿಸಿದಳು.

ರೇಷ್ಮಾ ಪೇಟೆಯ ಗೋಡೆಗಳಿಂದ ಆ ಪೋಸ್ಟರುಗಳನ್ನು ಉಗುರಿನಿಂದ ಕೆರೆದು ತೆಗೆದಳು. ಚೂರುಗಳನ್ನೆಲ್ಲ ನನ್ನೊಳಗೆ ತುರುಕಿ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅತ್ತಳು. “ನನಗಽ ತಿಳೀಬೇಕಿತ್ತು,” ಎನ್ನುತ್ತಿದ್ದಳು. ಹೌದು, ತಿಳಿಯಬೇಕಿತ್ತು. ಆದರೆ ಅಕ್ಕ ಇದ್ದಿದ್ದರೆ ಅವಳು ಮೊದಲು ಅವರನ್ನು ಕೇಳುತ್ತಿದ್ದಳು. ಅವರು ಬೇಡವೆನ್ನುತ್ತಿದ್ದರು. ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಅವಳು ಕೆಲಸ ಬಿಡಲಿಲ್ಲ. ನಕ್ಕಿದ್ದನ್ನೂ ನಾನು ಹೆಚ್ಚು ಕಾಣಲಿಲ್ಲ.

ಈಗ ನನ್ನ ಪಟ್ಟಿ ಹರಿದಿದೆ. ಸಾಮಾನಿನ ಕೋಣೆಯ ಕಿಟಕಿಯ ಪಕ್ಕ ಮೊಳೆಗೆ ನೇತಾಡುತ್ತಿದ್ದೇನೆ. ಸ್ಫೂರ್ತಿ ಎಂಬ ಹೊಸಬಳು ಬಂದಿದ್ದಾಳೆ. ರೇಷ್ಮಾ ಅವಳನ್ನು ಮೊದಲು ರೋಗಿಗಳ ಬಳಿ ಕೂರಿಸಿದಳು. “ಇವರು ಯಾವುದನ್ನ ಹೊರಗ ಹೇಳಬ್ಯಾಡ ಅಂತಾರ, ಅದನ್ನ ಮೊದಲ ತಿಳ್ಕೊ,” ಎಂದಳು. ಫಕೀರವ್ವನ ಕಥೆಯನ್ನೂ ಹೇಳಿದಳು, ತನ್ನ ಹೆಸರನ್ನು ಮುಚ್ಚಿಡದೆ.

ಇದರಿಂದ ಫಕೀರವ್ವನಿಗೆ ಏನೂ ದಕ್ಕಲಿಲ್ಲ. ಒಬ್ಬ ಎಳೆಯಳನ್ನು ಒಂಟಿಯಾಗಿ ಕಳಿಸಿದ್ದಕ್ಕೆ ಬೆಲೆ ತೆತ್ತವಳು ಹಾಸಿಗೆಯಿಂದ ಏಳಲಾಗದ ಒಬ್ಬ ಮುದುಕಿ. ನಾನು ಮರೆಯಲಾರೆ.

ಇಂದು ಬೆಳಗ್ಗೆ ಸ್ಫೂರ್ತಿ ಗೇಟಿನ ಹತ್ತಿರ ನಿಂತು ಕೇಳಿದಳು: “ದೇಣಿಗೆ ಕೇಳಾಕ ನಾನು ಹೋಗಿ ಬರ್ಲೇನ್ರಿ ಅಕ್ಕಾ?”

“ತಡಿ,” ಎಂದಳು ರೇಷ್ಮಾ. “ಚಪ್ಪಲಿ ಮೆಟ್ಕೊಂಡು ಬಂದೆ.”