ಅಡಿಟಿಪ್ಪಣಿಯ ಇನಾಮು

ಪುಸ್ತಕದ ಪುಟ ಜೋಡಿಸುವ ಆ ಸಾಫ್ಟ್‌ವೇರ್ ಯಾರಪ್ಪನ ಆಸ್ತಿಯೂ ಅಲ್ಲ. ಯಾರು ಬೇಕಾದರೂ ಬಳಸಬಹುದು, ಕೋಡ್ ಬರೆದು ಕಳಿಸಬಹುದು. ಬಂದದ್ದನ್ನು ಒಪ್ಪಿ ಸೇರಿಸುವ ಅಧಿಕಾರ ಮಾತ್ರ ಒಬ್ಬನದು. ಅವನನ್ನು ಎಲ್ಲರೂ ದೊಡ್ಡಣ್ಣ ಅನ್ನುತ್ತಿದ್ದರು, ಬುದ್ಧಿ ಸಣ್ಣದು.

ನಿಘಂಟು ಅಚ್ಚುಹಾಕುವ ಪ್ರೆಸ್ಸಿನ ಯಜಮಾನರು, ಅಡಿಟಿಪ್ಪಣಿಗಳನ್ನು ತಾನಾಗಿ ಜೋಡಿಸುವ ಸೌಲಭ್ಯ ಬರೆದು ಸೇರಿಸಿದವರಿಗೆ ಇನಾಮು ಎಂದು ಸಾರಿದರು. ಅದೇ ಪ್ರೆಸ್ಸಿನಲ್ಲಿ ಕರಡು ತಿದ್ದುವವಳು ಎರಡು ತಿಂಗಳು ಊಟ ನಿದ್ದೆ ಬಿಟ್ಟು ಬರೆದು ಕಳಿಸಿದಳು. ಇನಾಮಿಗಿಂತ, ಆ ಕೆಲಸದ ಮೇಲೆ ತನ್ನ ಹೆಸರು ಬೀಳಬೇಕು ಅನ್ನುವುದೇ ಅವಳ ಆಸೆ. ದೊಡ್ಡಣ್ಣ ಒಂದೇ ಮಾತಿನಲ್ಲಿ ತಳ್ಳಿಹಾಕಿದ. ಎರಡು ವಾರ ಕಳೆದು ಅದೇ ಕೋಡ್, ಅಲ್ಲೊಂದು ಇಲ್ಲೊಂದು ಪದ ಬದಲಾಗಿ, ಅವನ ಭಾಮೈದನ ಹೆಸರಲ್ಲಿ ಸೇರಿತು. ಅವಳಿಗೆ ಕೆಂಡದಂಥ ಸಿಟ್ಟು ಬಂತು. ಆದರೆ ಆ ಕೋಡಿನಲ್ಲಿ ತನ್ನಿಂದಲೇ ಆಗಿದ್ದ ಒಂದು ತಪ್ಪು ಅವಳಿಗೆ ಗೊತ್ತಿತ್ತು. ತಿದ್ದಿದ ಪ್ರತಿಯೂ ಕೈಯಲ್ಲಿತ್ತು. ಇನಾಮಿನ ದಿನಕ್ಕೆ ಕಾದಳು.

ಇನಾಮು ಕೊಡುವ ದಿನ ಪ್ರೆಸ್ಸಿನ ಮೇಲಿನ ಕೋಣೆಯಲ್ಲಿ, ದೊಡ್ಡಣ್ಣನನ್ನೂ ಭಾಮೈದನನ್ನೂ ಮುಂದೆ ಕೂರಿಸಿ, ದೊಡ್ಡ ಪರದೆಯ ಮೇಲೆ ನಿಘಂಟಿನ ಪುಟ ತೆರೆದರು. ಕಳ್ಳರು ಗಿಡ್ಡ ಟಿಪ್ಪಣಿ ಹಾಕಿ ಪರೀಕ್ಷಿಸಿದ್ದರಷ್ಟೇ. ಉದ್ದದವೆಲ್ಲ ನಡುವೆಯೇ ತುಂಡಾಗಿದ್ದವು.

"ಏನಪ್ಪಾ ಇದು?" ಯಜಮಾನರ ಮುಖ ಕೆಂಪಾಯಿತು.

ಅವಳು ಎದ್ದು, ಪರದೆಯ ಮೇಲೆ ಕೋಡ್ ತೆರೆಸಿ, ಭಾಮೈದನನ್ನು ಕೇಳಿದಳು. "ತಮ್ಮಾ, ಈ ಸಾಲಲ್ಲಿ ನಲವತ್ತೇಳು ಅಂತ ಇದೆಯಲ್ಲ, ಯಾಕೆ?"

ಭಾಮೈದ ಗಂಟಲು ಸರಿಮಾಡಿಕೊಂಡ. "ಅದು... ಪುಟದ ಅಗಲ, ಅಕ್ಷರದ ಎತ್ತರ ಎಲ್ಲ ನೋಡಿ, ತುಂಬ ಯೋಚನೆ ಮಾಡಿ ಹಾಕಿದ್ದು ಅಕ್ಕ."

"ನಮ್ಮನೆ ಬಾಗಿಲ ನಂಬರು ಕಣೋ ಅದು! ಸರಿಯಾದ ಲೆಕ್ಕ ಸಿಗೋವರೆಗೆ ಇರಲಿ ಅಂತ ಹಾಕಿದ್ದೆ, ತೆಗೆಯೋಕೆ ಮರೆತೆ. ನಲವತ್ತೇಳು ಪದ ಆಯ್ತು ಅಂದ್ರೆ ಟಿಪ್ಪಣಿ ಕತ್ತರಿಸುತ್ತೆ."

ಯಾರೋ ಕಿಸಕ್ಕೆಂದರು. ದೊಡ್ಡಣ್ಣ ತಳ್ಳಿಹಾಕಿದ್ದ ಅವಳ ಕೋಡ್, ತಾರೀಕಿನ ಸಮೇತ, ಎಲ್ಲರಿಗೂ ಕಾಣುವಂತೆ ಸಾಫ್ಟ್‌ವೇರಿನ ಜಾಲತಾಣದಲ್ಲೇ ಇತ್ತು. ಯಜಮಾನರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ತಿದ್ದಿದ ಪ್ರತಿ ಈಗಲೇ, ನನ್ನೆದುರಿಗೆ, ಈಯಮ್ಮನ ಹೆಸರಲ್ಲಿ ಸೇರಿಸಿ."

ದೊಡ್ಡಣ್ಣ ಬೆವರೊರೆಸಿಕೊಂಡು ಒಪ್ಪಿಗೆಯ ಗುಂಡಿ ಒತ್ತಲು ಹೋದ.

"ಓದದೆ ಒಪ್ಪಬಾರದು," ಅವಳೆಂದಳು. "ಒಂದೊಂದೇ ಸಾಲು, ಗಟ್ಟಿಯಾಗಿ ಓದಿ."

ಮುನ್ನೂರು ಸಾಲು. ಭಾಮೈದ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ. ದೊಡ್ಡಣ್ಣ ನಿಂತೇ ಓದಿದ, ಗಂಟಲೊಣಗಿ ನೀರು ಕೇಳಿದ, ಕೊನೆಗೂ ಮುಗಿಸಿದ. ಇಷ್ಟಾದರೆ ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದಳು. ಇಳಿಯಲಿಲ್ಲ.

"ನಡುವೆ ಒಂದು ಸಾಲು ಬಿಟ್ಟಿರಿ," ಎಂದಳು, ಅವನು ಒಂದಕ್ಷರವೂ ಬಿಟ್ಟಿರಲಿಲ್ಲ. "ಮೊದಲಿಂದ ಓದಿ."