ಒಂದು ಗೇಣು ನೀರು

ತೂಬಿನ ಉಸ್ತುವಾರಿ ಹೊತ್ತವಳು ಕೆರೆಯಂಚಿನಲ್ಲಿ ಮಂಡಿಯೂರಿ ಕೂತಿದ್ದಳು. ನೀರಿನ ಮಟ್ಟಕ್ಕಿಂತ ಎರಡೇ ಬೆರಳು ಕೆಳಗೆ, ಜೊಂಡಿನ ಕಾಂಡಗಳಿಗೆ ಸಾಸಿವೆಯಷ್ಟು ಸಣ್ಣ ಮೀನಿನ ಮೊಟ್ಟೆಗಳು ಅಂಟಿಕೊಂಡಿದ್ದವು. ಮರಿಯಾಗಲು ಇನ್ನೂ ನಾಲ್ಕು ದಿನ ಬೇಕು. ಸುತ್ತಲಿನ ನೀರು ಬಣ್ಣ ಕಲಸಿದಂತೆ ಹಸಿರಾಗಿತ್ತು.

ಪ್ರತಿ ವರ್ಷ ಮೀನು ಮೊಟ್ಟೆಯಿಡುವ ಮೊದಲೇ ಅವಳು ದಿನಕ್ಕೆ ಎರಡು ಬೆರಳಿನಂತೆ ಒಂದು ಗೇಣು ನೀರು ಇಳಿಸಿಬಿಡುತ್ತಿದ್ದಳು. ನಿಂತ ನೀರು ಹರಿದು ತಿಳಿಯಾಗುತ್ತಿತ್ತು. ಮೀನುಗಳೂ ತಗ್ಗಿದ ಮಟ್ಟ ನೋಡಿಕೊಂಡೇ ಮೊಟ್ಟೆಯಿಡುತ್ತಿದ್ದವು. ಈ ಸಲ, ದೋಣಿ ಬಾಡಿಗೆಗೆ ಕೊಡುವ ಅವಳ ಅಣ್ಣ ಅಡ್ಡ ಬಂದಿದ್ದ. "ಈಗ ಇಳಿಸಿದ್ರೆ ದೋಣಿಗಳೆಲ್ಲ ಕೆಸರಲ್ಲಿ ಕೂರ್ತವೆ. ಆಳದಲ್ಲಿ ದೋಣಿ ನಿಲ್ಲಿಸೋಕೆ ಹೊಸ ಹಲಗೆ ಕಟ್ಟೆ ಮುಗಿಸ್ತೀನಿ, ಒಂದು ವಾರ ತಡಿ." ವಾರ ಎರಡಾಯಿತು. ತೂಬಿನ ದಾಖಲೆ ಪುಸ್ತಕದಲ್ಲಿ, ನೀರು ಬಿಡದ್ದಕ್ಕೆ 'ಕಾರಣ' ಎಂಬಲ್ಲಿ ಅವಳು ಹದಿನಾಲ್ಕು ದಿನವೂ 'ಮಳೆ ಕೊರತೆಯ ಮುನ್ನೆಚ್ಚರಿಕೆ' ಎಂದು ಬರೆದಳು.

ಫೋನ್ ಬಂತು. ಊರಿನ ಕುಡಿಯುವ ನೀರು ಶುದ್ಧೀಕರಿಸುವ ಘಟಕದ ಹಿರಿಯ ಅಧಿಕಾರಿ.

"ನೋಡಮ್ಮ, ಪಾಚಿಯಲ್ಲಿ ವಿಷ ಶುರುವಾಗಿದೆ. ಈಗಲೇ ಮೇಲಿನ ಒಂದು ಗೇಣು ನೀರು ಬಿಟ್ಟುಬಿಡು."

"ಸರ್, ನಾಲ್ಕೇ ದಿನ ತಡೆಯೋಕಾಗಲ್ವಾ?"

"ಅಲ್ಲಿವರೆಗೆ ಊರಿನವರು ಏನು ಕುಡೀಬೇಕು?"

ಅವಳು ಎದ್ದು ತೂಬಿನ ಕೋಣೆಯತ್ತ ನಡೆದಳು.

ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದ ಅಣ್ಣ, "ಮೊಟ್ಟೆಗೆ ಯಾಕಿಷ್ಟು ಮುಖ ಸಪ್ಪೆ ಮಾಡ್ಕೋತೀಯ? ಬರೋ ವರ್ಷ ಮತ್ತೆ ಇಡ್ತವೆ. ನಿನ್ನ ಹಾಗೆ ಒಂದೊಂದನ್ನೇ ಎಣಿಸ್ತಾ ಕೂರಲ್ಲ ಅವು," ಎಂದ.

"ನಿನ್ನ ಕಟ್ಟೆ ಮುಗೀತಾ?"

"ಇನ್ನೆರಡು ಹಲಗೆ."

"ಹೋದ ವಾರಾನೂ ಎರಡೇ ಇದ್ವು."

ಅಣ್ಣ ತಲೆ ಕೆರೆದುಕೊಂಡ.

ಅವಳು ತೂಬಿನ ಚಕ್ರ ತಿರುಗಿಸಿದಳು. ಹಸಿರು ಕೆನೆ ತೂಬಿನ ಬಾಯಿಯತ್ತ ಸರಿಯಿತು. ಸಂಜೆಯ ಹೊತ್ತಿಗೆ ಅಳತೆಗಂಬದಲ್ಲಿ ಗೇಣುದ್ದ ಒದ್ದೆ ಗುರುತು ಕಾಣಿಸಿಕೊಂಡಿತು. ಜೊಂಡಿನ ಕಾಂಡಗಳು ಅಷ್ಟೇ ಉದ್ದಕ್ಕೆ ಬತ್ತಲಾಗಿದ್ದವು. ಅವುಗಳ ಮೇಲಿನ ಮೊಟ್ಟೆಗಳು ಮೊದಲು ಮಿನುಗಿ, ಆಮೇಲೆ ಮಂಕಾಗಿ, ಸುಕ್ಕುಗಟ್ಟಿದವು.

ಪುಸ್ತಕ ತೆರೆದು, ಹದಿನಾಲ್ಕು ಸಾಲುಗಳನ್ನೂ ಹೊಡೆದುಹಾಕಿದಳು. ಅಣ್ಣ ಅವಳ ಭುಜದ ಮೇಲಿಂದ ಬಗ್ಗಿ ನೋಡಿದ.

"ಮಳೆ ಅಂತಲೇ ಇರಲಿ ಬಿಡೇ. ಮಳೆ ಬಂದು ಸಾಕ್ಷಿ ಹೇಳತ್ತಾ? ನನ್ನ ಹೆಸರು ಮಾತ್ರ ಬರೀಬೇಡ."

"ನಿನ್ನದು ಬರೆಯಲ್ಲ ಅಣ್ಣಾ," ಎಂದಳು. "ತೂಬಿನ ಬೀಗದ ಕೈ ನಿನ್ನ ಹತ್ತಿರ ಇರಲಿಲ್ಲವಲ್ಲ."

ಪ್ರತಿ ಸಾಲಿನ 'ಕಾರಣ'ದ ಮುಂದೆಯೂ ಅವಳು ತನ್ನ ಹೆಸರನ್ನೇ ಬರೆಯುತ್ತ ಹೋದಳು.