ಕಿಟಕಿ ಮಂಚದವರ ಹೆಸರು

ಹಿಂದೆ ಬರುತ್ತಿರುವ ದೊಡ್ಡ ನರ್ಸಮ್ಮನ ಬೂಟು ಸದ್ದೇ ಮಾಡುವುದಿಲ್ಲ, ಬೆಕ್ಕು ಬಂದ ಹಾಗೆ, ಪೆನ್ನಿನ ತುದಿ ಮಾತ್ರ ಟಿಕ್ ಟಿಕ್ ಅನ್ನುತ್ತಿದೆ, ಮಾತ್ರೆ ಗಾಡಿಯ ಒಂದು ಚಕ್ರ ಎಡಕ್ಕೇ ಎಳೆಯುತ್ತದೆ, ಎಳೆಯಲಿ, ಎಡಕ್ಕೆ ಹೋದರೆ ಬಾಗಿಲು, ಬಾಗಿಲಾಚೆ ಈ ಹೆಸರು ಕರೆಯುವ ಪೀಡೆ ಇಲ್ಲ — ಆದರೆ ಬಾಗಿಲಾಚೆ ಮಗಳೂ ಇಲ್ಲ. ಇವತ್ತಿನ ಪರೀಕ್ಷೆ ಪಾಸಾದರೆ ಗಾಡಿ ತಳ್ಳುತ್ತಿರುವ ಅವಳು ಈ ಪರದೇಶದಲ್ಲಿ ಪೂರ್ತಿ ನರ್ಸು, ಊರಿನಲ್ಲಿ ಅಜ್ಜಿಯ ಹತ್ತಿರವಿರುವ ಆರು ವರ್ಷದ ಮಗಳನ್ನು ಕರೆಸಿಕೊಳ್ಳುವ ಕಾಗದ ಮುಂದಕ್ಕೆ ಹೋಗುತ್ತದೆ, ಎರಡನೇ ಸಲವೂ ಫೇಲಾದರೆ ಮತ್ತೆ ಹೊದಿಕೆ ಮಡಚುವ ಸಹಾಯಕಿ, ಕಾಗದ ಯಾರದೋ ಮೇಜಿನ ಮೇಲೆ ಧೂಳು ತಿನ್ನುತ್ತದೆ, ಮಗಳು ಆಗಲೇ ಚೀಲಕ್ಕೆ ಬಟ್ಟೆ ತುಂಬಿಟ್ಟು ದಿನಾ ಕೇಳುತ್ತಾಳೆ, ಅಮ್ಮಾ, ಇವತ್ತಾ, ನಾಳೆನಾ. ಊರಿನ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ, ಕರೆಂಟು ಹೋದಾಗಲೂ ನರ ಹುಡುಕಿ ಸೂಜಿ ಚುಚ್ಚಿದ ಕೈ ಇದು, ಈ ಕೈಗೆ ಇಲ್ಲಿ ಏನೂ ತೊಂದರೆ ಇಲ್ಲ, ತೊಂದರೆಯೆಲ್ಲ ನಾಲಿಗೆಗೆ, ಮಾತ್ರೆ ಕೊಡುವ ಮೊದಲು ರೋಗಿಯನ್ನು ಹೆಸರು ಹಿಡಿದು ಕರೆಯಬೇಕಂತೆ, ಬರೀ ಹೆಸರು, ಹಿಂದೆ ಮುಂದೆ ಏನೂ ಇಲ್ಲ, ತಲೆಯೆಲ್ಲ ಹತ್ತಿಯಾದವರನ್ನು, ಮೊಲದ ಮರಿಯನ್ನು ಕರೆದ ಹಾಗೆ. ಗಂಡನನ್ನೇ ರೀ ಬಿಟ್ಟು ಬೇರೇನೂ ಅಂದವಳಲ್ಲ. ಮೊನ್ನೆ ಅಭ್ಯಾಸಕ್ಕೆಂದು ಫೋನಿನಲ್ಲಿ ಅವನ ಹೆಸರು ಕರೆದಳು, ಅವನು ಮೆಲ್ಲಗೆ, ಯಾಕೆ, ನಾನೇನು ಮಾಡ್ದೆ, ಅಷ್ಟರಲ್ಲಿ ಫೋನು ಅತ್ತೆಯ ಕೈಗೆ, ಏನೇ, ಹೋಗಿ ಇನ್ನೂ ವರ್ಷ ಆಗಿಲ್ಲ, ಗಂಡನ್ನ ಹೆಸರು ಹಿಡಿದು ಕೂಗ್ತೀಯಾ, ಪರೀಕ್ಷೆಯ ಸಂಗತಿ ಹೇಳಿದ ಮೇಲೆ ಅತ್ತೆಯ ದನಿ ಇಳಿಯಿತು, ನಾನೂ ಒಂದ್ಸಲ ಹೇಳಿದೀನಿ ಕಣೇ, ಜನ ಎಣಿಸೋನು ಬಂದಿದ್ದ, ನಿಮ್ಮ ಮಾವ ಮನೇಲಿರ್ಲಿಲ್ಲ, ಕದದ ಹಿಂದೆ ನಿಂತ್ಕೊಂಡು ಹೇಳ್ದೆ, ಅವನು ಅರ್ಧ ಕೇಳಿ ಅರ್ಧ ಬರ್ಕೊಂಡು ಹೋದ, ಹತ್ತು ವರ್ಷ ಸರ್ಕಾರದ ಲೆಕ್ಕದಲ್ಲಿ ನಾನು ಯಾರ್ದೋ ಹೆಂಡ್ತಿ.

ನಗು ಬರುತ್ತದೆ, ಬರಬಾರದು, ಪೆನ್ನು ನೋಡುತ್ತಿದೆ. ಹೋದ ಸಲ ಬೇರೆ ದಾರಿ ಕಾಣದೆ ಇಲ್ಲಿನವರ ಭಾಷೆಯಲ್ಲೇ ಅಜ್ಜಾ ಅಂದಿದ್ದಳು, ಎಷ್ಟು ಅಕ್ಕರೆಯಿಂದ, ಆರು ಮಂಚಗಳ ಮೇಲೆ ಆರು ತಲೆ ತಿರುಗಿದವು, ಆ ಬೆಳಿಗ್ಗೆಯೇ ಇಬ್ಬರ ಮಂಚ ಬದಲಾದದ್ದು ಅವಳಿಗೇನು ಗೊತ್ತು, ಎದುರಿಗಿದ್ದವರು ಬಾಯಿ ತೆರೆದರು, ಇನ್ನೊಬ್ಬರ ಮಾತ್ರೆ ಆ ನಾಲಿಗೆಗೆ ಒಂದು ಬೆರಳಿನ ದೂರದಲ್ಲಿತ್ತು, ದೊಡ್ಡ ನರ್ಸಮ್ಮ ಬಟ್ಟಲು ಕಿತ್ತುಕೊಂಡರು, ನೋಡಮ್ಮ, ಅಕ್ಕರೆ ಎಲ್ಲ ಸರಿ, ಇಲ್ಲಿ ಅಜ್ಜಂದಿರು ಆರು ಜನ, ಮಾತ್ರೆ ಒಬ್ಬರದು. ಮಾತ್ರೆಯ ನಿಜವಾದ ಒಡೆಯರು ಪಕ್ಕದಿಂದ, ಅಜ್ಜ ಅಂತೆ ಅಜ್ಜ, ನನಗಿನ್ನೂ ಮದುವೇನೇ ಆಗಿಲ್ಲ. ಆ ಬೆರಳಿನ ದೂರ ಅವಳು ಮರೆತಿಲ್ಲ, ನಿಯಮ ಸುಮ್ಮನೆ ಮಾಡಿದ್ದಲ್ಲ, ಸರಿ, ಒಪ್ಪಿದೆ, ಆದರೆ ಈ ನಾಲಿಗೆ ಒಪ್ಪಬೇಕಲ್ಲ. ಈಗ ಕಿಟಕಿಯ ಮಂಚ, ಆ ಮದುವೆಯಾಗದವರೇ, ಗಲ್ಲಕ್ಕೆ ಬಿಸಿಲು ಬಿದ್ದಿದೆ, ಕಣ್ಣು ಮುಚ್ಚಿದ್ದಾರೆ, ಕೈಪಟ್ಟಿಯಲ್ಲಿ ಹೆಸರಿದೆ, ಅದನ್ನು ಓದಿಬಿಟ್ಟರಾಯಿತು, ಓದುವುದು ಕರೆದ ಹಾಗಲ್ಲ ಎಂದು ತನಗೇ ಸಮಾಧಾನ ಹೇಳಿಕೊಂಡು ಹೇಳಿದಳು, ದೇವರಿಗೂ ಕೇಳಿಸಿರಲಿಕ್ಕಿಲ್ಲ. ಏನು, ಎಂದರು ಅವರು. ಕಿವಿಯ ಯಂತ್ರ ಮೇಜಿನ ಮೇಲಿದೆ. ಇನ್ನೊಮ್ಮೆ ಹೇಳಿದಳು, ಮನಸ್ಸಿನಲ್ಲೇ ಕೈ ಮುಗಿದು. ಏನಮ್ಮಾ, ಗೊಣಗಬೇಡ, ಹೇಳೋದಿದ್ರೆ ಹೇಳು. ಹಿಂದೆ ಪೆನ್ನು ನಿಂತಿತು, ಕಾಗದ, ಮೇಜು, ಧೂಳು, ಅಮ್ಮಾ ನಾಳೆನಾ — ಮೂರನೇ ಸಲ ಆ ಹೆಸರು ಹೊಟ್ಟೆಯಿಂದಲೇ ಬಂತು, ಬೀದಿಯ ಆ ತುದಿಯಲ್ಲಿ ಆಡುತ್ತಿರುವ ಮಗಳನ್ನು, ಹಾಲು ಆರಿಹೋಗುತ್ತೆ ಬರ್ತೀಯೋ ಇಲ್ವೋ ಎಂದು ಕೂಗುವ ದನಿ, ವಾರ್ಡಿನಲ್ಲಿ ಚಮಚಗಳೆಲ್ಲ ನಿಂತವು, ನೆಲ ಒರೆಸುವವಳು ಒರೆಸುವ ಕೋಲು ಎದೆಗೆ ಅವಚಿಕೊಂಡಳು, ಅವರು ದಡಬಡ ಎದ್ದು ಕೂತು, ಬಂದೆ, ಬಂದೆ, ಎಂದು ಬಾಯಿ ತೆರೆದರು.

ಹುಟ್ಟಿದ ದಿನ ಕೇಳಿದಳು, ಹೇಳಿದರು, ಪಟ್ಟಿ ನೋಡಿದಳು, ಮಾತ್ರೆ, ನೀರು, ನಾಲಿಗೆಯ ಅಡಿ ಬಚ್ಚಿಡುವ ಅಭ್ಯಾಸದವರು, ತೆರೀರಿ, ನೋಡೋಣ, ಎಂದಳು, ತೆರೆದರು, ಹಿಂದೆ ಪೆನ್ನು ಕಾಗದದ ಮೇಲೆ ಉದ್ದಕ್ಕೆ ಓಡಿತು. ಪಾಸು ಕಣಮ್ಮ, ಎಂದರು ದೊಡ್ಡ ನರ್ಸಮ್ಮ, ನಾಳೆಯಿಂದ ಸ್ವಲ್ಪ ಮೆಲ್ಲಗೆ ಕರಿ, ಪಕ್ಕದ ವಾರ್ಡಿನವರೂ ಎದ್ದು ಬಂದಾರು. ಪಾಸು, ಹಾಗಾದರೆ ಕಾಗದ ಹೋಗುತ್ತದೆ, ಮಗಳ ಕಾಲು ಈಗ ಎಷ್ಟುದ್ದ ಆಗಿದೆಯೋ, ಮಂಚ ಯಾವ ಗೋಡೆಗೆ ಹಾಕುವುದು, ಇಲ್ಲಿ ಬೆಳೆದರೆ ಅವಳೂ ನಾಳೆ ನನ್ನನ್ನೇ ಹೆಸರು ಹಿಡಿದು — ಕರೆಯಲಿ, ಪಕ್ಕದ ಕೋಣೆಯಿಂದ ಕರೆದರೆ ಸಾಕು, ನಾನೂ ಬಂದೆ ಬಂದೆ ಎಂದು ಓಡುತ್ತೇನೆ, ಇನ್ನೂ ಏನೋ ಯೋಚಿಸಬೇಕಿತ್ತು, ಮುಂದಿನ ಮಂಚ, ಮುಂದಿನ ಹೆಸರು, ಆದರೆ ಯೋಚನೆ ಮುಂದಕ್ಕೆ ಹೋಗುತ್ತಿಲ್ಲ, ಕಣ್ಣೆದುರು ಆ ಬಾಯಿ ಇನ್ನೂ ತೆರೆದೇ ಇದೆ, ಬಿಸಿಲು ಬಿದ್ದ ನಾಲಿಗೆ, ಮುಂದೆ ಎರಡು ಹಲ್ಲಿಲ್ಲ, ಸಾಕು ಮುಚ್ಚಿ ಎಂದು ಅವಳು ಹೇಳಲಿ ಅಂತ ಕಾಯುತ್ತಿರುವ, ಅಗಲವಾಗಿ ತೆರೆದ ಬಾಯಿ